ಇಣುಕಿ ಕೆಡಿಸಿದ ಮಳೆ

ನಾನು ಚಿಕ್ಕವಳಿದ್ದಾಗ ಒಂದು ಕಡೆ ಕೂತದ್ದನ್ನು ಕಂಡವರೇ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ಈಗ ಮಂಡಿನೋವು ಬಂದು ಚಕ್ರ ಕಳಚಿದೆ, ಕೈ ಮಾತ್ರ ಇನ್ನೂ ಸುಮ್ಮನಿರುವುದಿಲ್ಲ. ಅದೇ ಕೈ ಒಂದು ಸಲ ಮಾಡಿದ ಕೆಲಸವನ್ನು, ನಿನ್ನೆ ಹೇಳಿದ್ದರೂ, ಮಕ್ಕಳೇ, ನಿಮಗೆ ಇನ್ನೊಮ್ಮೆ ಸರಿಯಾಗಿ ಹೇಳಬೇಕು.

ಆಗ ಅಪ್ಪ ನೆಲ್ಯಹುದಿಕೇರಿಯ ಹತ್ತಿರ ಹೊಳೆ ಪಕ್ಕದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಹಾಸನದ ಕಡೆಯಿಂದ ಈ ಕೆಲಸಕ್ಕೆಂದೇ ಬಂದವರು. ಆಳುಗಳ ಹಾಜರಿ, ಗೊಬ್ಬರ, ಕಾಫಿ ಹಣ್ಣಿನ ಪಿಕ್ಕಿಂಗು ಎಲ್ಲ ನೋಡಿಕೊಳ್ಳುವುದು ಅವರೇ. ಇವೆಲ್ಲಕ್ಕಿಂತ ಅವರಿಗೆ ಹೆಮ್ಮೆಯ ಕೆಲಸ ಮಳೆ ಅಳೆಯುವುದು. ನಮ್ಮ ಮನೆಯ ಮುಂದೆ, ಬೇಲಿ ಹಾಕಿದ ಬಯಲಿನಲ್ಲಿ ರೇನ್ ಗೇಜು ಇತ್ತು. ಮೇಲೆ ತಾಮ್ರದ ಆಲಿಕೆ, ಒಳಗೆ ಗಾಜಿನ ಬಾಟಲಿ. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಅಪ್ಪ ಆ ನೀರನ್ನು ಅಳತೆಯ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ಇಂಚು ಮಳೆಗೆ ನೂರು ಸೆಂಟು. ಮಳೆಯಿಲ್ಲದ ದಿನವೂ ತಪ್ಪದೆ ಸೊನ್ನೆ ಬರೆಯುತ್ತಿದ್ದರು. ಸುತ್ತಮುತ್ತಲಿನ ತೋಟದವರೆಲ್ಲ "ರೈಟರ ಗೇಜಲ್ಲಿ ಎಷ್ಟಂತೆ?" ಎಂದು ಕೇಳಿಯೇ ಸಮಾಧಾನ ಪಟ್ಟುಕೊಳ್ಳುತ್ತಿದ್ದರು.

ಆ ವರ್ಷ ಕಾಫಿ ಅರಳಿಸುವ ಹೂಮಳೆ ತಡವಾಗಿತ್ತು. ರೊಬಸ್ಟಾ ಗಿಡದ ತುಂಬ ಮೊಗ್ಗು ಕೂತು ಕಾಯುತ್ತಿತ್ತು. ಕಾಫಿಯ ಮೊಗ್ಗು ಬಲು ಹಟಮಾರಿ. ಒಂದೇ ಸಲಕ್ಕೆ ಇಂಚಿನಷ್ಟು ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಅರಳುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಅರ್ಧ ಬಾಯಿ ಬಿಟ್ಟು ಕರಟಿಹೋಗುತ್ತದೆ. ಮಳೆ ಸಾಲದಿದ್ದರೆ ಹೊಳೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹೊಡೆಯಬೇಕು. ಆದರೆ ಪಂಪು, ಪೈಪು ನಮಗೂ ಪಕ್ಕದ ಎಸ್ಟೇಟಿಗೂ ಸೇರಿ ಒಂದೇ. ಎಸ್ಟೇಟಿನ ಸಾಹುಕಾರರು ಮೈಸೂರಿಗೆ ಹೋಗುವಾಗ, ಒಂದು ಇಂಚು ಬಂದರೆ ಪೈಪನ್ನು ಪಕ್ಕದವರಿಗೆ ಕೊಟ್ಟುಬಿಡಿ, ಕಡಿಮೆಯಾದರೆ ಮೊದಲು ನಮ್ಮ ತೋಟಕ್ಕೆ ಹೊಡೆಸಿ ಎಂದು ಅಪ್ಪನಿಗೆ ಹೇಳಿ ಹೋಗಿದ್ದರು. ತೀರ್ಮಾನ ತಪ್ಪಿದರೆ ಒಂದು ವರ್ಷದ ಫಸಲು ಹೋಗುತ್ತಿತ್ತು, ಅದರ ಜೊತೆಗೆ ಅಪ್ಪನ ಕೆಲಸ, ಕೆಲಸದ ಜೊತೆಗೆ ನಾವಿದ್ದ ಮನೆ.

ಇದೇ ಹೊತ್ತಿಗೆ ಅಕ್ಕ ಮನೆಗೆ ಬಂದಿದ್ದಳು. ಅವಳು ಮಡಿಕೇರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು, ಪರೀಕ್ಷೆ ಹತ್ತಿರವಿತ್ತು. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತ ಭೌತಶಾಸ್ತ್ರವನ್ನು ಗಟ್ಟಿಯಾಗಿ ಓದುವಳು. ಹಿಂದೆ ನಾನೂ ನಡೆಯುವೆ. ಯಾರಿಗಾದರೂ ವಿವರಿಸಿದರೆ ಪಾಠ ಮರೆಯುವುದಿಲ್ಲ ಎಂದು ನನಗೇ ವಿವರಿಸುವಳು. ಮುನ್ನೂರು ವರ್ಷದ ಹಿಂದೆ ವಿದ್ವಾಂಸರು ಕಂಡುಕೊಂಡರಂತೆ, ಎಸೆದ ಕಲ್ಲಿಗೂ ಆಕಾಶದ ಚಂದ್ರನಿಗೂ ಒಂದೇ ಲೆಕ್ಕ. ಒಂದು ವಸ್ತು ಈಗ ಎಲ್ಲಿದೆ, ಎತ್ತ ಎಷ್ಟು ಜೋರಾಗಿ ಹೋಗುತ್ತಿದೆ ಎಂದು ತಿಳಿದರೆ ನಾಳೆ ಎಲ್ಲಿರುತ್ತದೆ ಎಂದು ಇವತ್ತೇ ಹೇಳಬಹುದು. ಈ ಭಾಗ ಬಂದಾಗ ಅಪ್ಪ ಒಳಗಿನಿಂದ "ಸರಿಯಾಗ್ ಅಳೀಬೇಕು ಅಷ್ಟೇ" ಎಂದು ತಲೆದೂಗುತ್ತಿದ್ದರು.

ಆಮೇಲೆ ಒಂದು ತಕರಾರು ಬಂತಂತೆ. ಕುಲುಮೆಯಲ್ಲಿ ಕಾದ ಕಬ್ಬಿಣ ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ ಯಾಕೆ ಹೊಳೆಯುತ್ತದೆ? ಹಳೆಯ ಲೆಕ್ಕದಲ್ಲಿ ಅದಕ್ಕೆ ಉತ್ತರ ಹೊಂದಲೇ ಇಲ್ಲ. ಶಕ್ತಿ ಹೊಳೆಯ ನೀರಿನಂತೆ ಎಡೆಬಿಡದೆ ಹರಿಯುವುದಿಲ್ಲ, ಕಾಫಿ ಹಣ್ಣಿನಂತೆ ಒಂದೊಂದೇ ಇಡಿಯಾಗಿ ಬರುತ್ತದೆ ಎಂದಿಟ್ಟುಕೊಂಡು ಒಬ್ಬರು ಲೆಕ್ಕ ಮಾಡಿ ನೋಡಿದರು, ಸರಿಹೋಯಿತು. ಅಂಥ ಒಂದು ಇಡಿಗೆ ಕ್ವಾಂಟಂ ಎಂದು ಹೆಸರು. ಬೆಳಕೂ ಹಾಗೇ ಬರುತ್ತದೆ ಎಂದು ಇನ್ನೊಬ್ಬರು ತೋರಿಸಿದರು. ಅಲ್ಲಿಂದ ಮುಂದೆ ಹಳೆಯ ಧೈರ್ಯ ಸ್ವಲ್ಪಸ್ವಲ್ಪವೇ ಕರಗಿತು. ಪರಮಾಣುವಿನೊಳಗಿನ ಎಲೆಕ್ಟ್ರಾನ್ ಎಲ್ಲಿದೆ ಎಂದು ಸರಿಯಾಗಿ ನೋಡಹೊರಟರೆ ಅದರ ವೇಗ ಕೈತಪ್ಪುತ್ತದೆ, ನೋಡುವುದೇ ಅದನ್ನು ಕದಲಿಸುತ್ತದೆ ಎಂದಳು ಅಕ್ಕ. ಉಳಿದದ್ದೆಲ್ಲ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು. ಈ ಒಂದು ಮಾತನ್ನು ಮಾತ್ರ ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಒಂದು ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಗುಡುಗು ಬಂತು. ಅಪ್ಪ ಕಾಫಿ ಒಣಗಿಸುವ ಡ್ರೈಯಿಂಗ್ ಯಾರ್ಡಿನ ಹತ್ತಿರವಿದ್ದರು. ಮೊದಲ ಹನಿ ಬಿದ್ದದ್ದೇ ತಡ, ಕಾದ ಮಣ್ಣಿನ ವಾಸನೆ ಮೂಗಿಗೆ ಅಡರಿತು. ಎಷ್ಟಾಯಿತೋ, ಎಷ್ಟಾಯಿತೋ ಎಂದು ನನಗೆ ಜೀವ ನಿಲ್ಲದು. ಗೋಣಿ ಹೊದ್ದುಕೊಂಡು ಓಡಿಹೋಗಿ ಆಲಿಕೆ ಎತ್ತಿ ಇಣುಕಿದೆ. ತಳ ಮುಚ್ಚುವಷ್ಟು ನೀರು. ಮನೆಗೆ ಬಂದೆ, ಮತ್ತೆ ಓಡಿದೆ. ನಾಲ್ಕನೇ ಸಲವೋ ಐದನೇ ಸಲವೋ ಬಾಟಲಿಯನ್ನೇ ಎತ್ತಿ ಬೆಳಕಿಗೆ ಹಿಡಿದೆ. ಕೈ ಒದ್ದೆಯಾಗಿತ್ತು. ಬಾಟಲಿ ಜಾರಿ ಹುಲ್ಲಿನ ಮೇಲೆ ಉರುಳಿತು. ಒಡೆಯಲಿಲ್ಲ, ಆದರೆ ಒಂದು ಹನಿಯೂ ಉಳಿಯಲಿಲ್ಲ.

ಮಳೆ ಆಗಲೇ ನಿಲ್ಲುತ್ತ ಬಂದಿತ್ತು. ನಾನು ಸೂರಿನಡಿಯ ಪೀಪಾಯಿಯಿಂದ ಚೊಂಬಿನಲ್ಲಿ ನೀರು ತಂದು ಬಾಟಲಿಗೆ ಹೊಯ್ದೆ. ಮೊದಲು ಎಷ್ಟಿತ್ತೋ ಅಷ್ಟೇ ಹೊಯ್ಯಬೇಕೆಂದುಕೊಂಡಿದ್ದೆ. ಎಷ್ಟಿತ್ತು? ಅಷ್ಟು ಸಲ ನೋಡಿದ್ದರೂ ನೆನಪಾಗಲಿಲ್ಲ. ಒಂದು ವಾರದಿಂದ ಮೋಡ ನೋಡಿ ನೋಡಿ ಅಪ್ಪನ ಮುಖ ಬಾಡಿತ್ತು. ಕಡಿಮೆಯಾಗುವುದು ಬೇಡ ಎಂದು ಇನ್ನೊಂದಿಷ್ಟು ಹೊಯ್ದೆ.

ಬೆಳಗ್ಗೆ ಎಂಟಕ್ಕೆ ಅಪ್ಪ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದರು. "ಒಂದ್ ಇಂಚು ಇಪ್ಪತ್ತು ಸೆಂಟು!" ಎಂದು ಮನೆಯವರೆಗೆ ಕೇಳುವಂತೆ ನಗುತ್ತ ಕೂಗಿದರು. ಅವರು ಹಾಗೆ ನಕ್ಕದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಪುಸ್ತಕದಲ್ಲಿ ಬರೆದು, ಪಕ್ಕದವರಿಗೆ ಪೈಪು ಕೊಟ್ಟು ಕಳಿಸುತ್ತೇನೆ ಎಂದು ಹೊಳೆಯ ಕಡೆ ಇಳಿದರು. ನಾನು ಅಕ್ಕಿ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಹೊಳೆ ಬದಿಯಿಂದ ಪೈಪುಗಳನ್ನು ಟ್ರ್ಯಾಕ್ಟರಿಗೆ ಹೇರುವ ಸದ್ದು ಠಣ್ ಠಣ್ ಎಂದು ಕೇಳುತ್ತಿತ್ತು. ಬಾಗಿಲಿಗೆ ಹೋದೆ, ಒಳಗೆ ಬಂದೆ, ಕೊನೆಗೆ ಜಗಲಿಯಲ್ಲಿದ್ದ ಅಕ್ಕನ ಸೆರಗು ಜಗ್ಗಿದೆ.

"ಅಕ್ಕಾ, ನೋಡಿದ್ರೆ ಅಳತೆ ಕೆಡುತ್ತೆ ಅಂತ ನಿನ್ನ ಪುಸ್ತಕದಲ್ಲೇ ಇದೆಯಲ್ವಾ?"

"ಇದೆ. ನೀನೇನ್ ಕೆಡಿಸ್ದೆ, ಅದನ್ನ್ ಬೊಗಳು ಮೊದ್ಲು."

ಎಲ್ಲ ಹೇಳಿದೆ. ನಾನು ನೋಡಿದ್ದಷ್ಟೇ, ಸೃಷ್ಟಿಯೇ ಹಾಗಿದ್ದರೆ ನನ್ನದೇನು ತಪ್ಪು ಎಂದೂ ಸೇರಿಸಿದೆ. ಅಕ್ಕ ನನ್ನ ಕಿವಿ ಹಿಡಿದಳು.

"ಎಲೆಕ್ಟ್ರಾನ್ ವಿಷ್ಯದಲ್ಲಿ ಎಂಥ ಪಂಡಿತ್ರಿಗೂ ಅದು ತಪ್ಪಿದ್ದಲ್ಲ ಕಣೇ. ನೋಡೋಕ್ ಮುಂಚೆ ಅದಕ್ಕೆ ಸರಿಯಾದ ಅಂಕಿನೇ ಇರಲ್ಲ ಅಂತಾರೆ. ನಿನ್ನೆ ಬಿದ್ದ ಮಳೆಗೆ ಅಂಕಿ ಇತ್ತು. ಅದನ್ನ ಚೆಲ್ಲಿದ್ದು ನಿನ್ನ ಕೈ. ಓಡು, ಅಪ್ಪಂಗೆ ಹೇಳು. ನಾನ್ ಬರಲ್ಲ."

ಓಡಿದೆ. ಕಾಫಿ ಗಿಡದ ರೆಂಬೆ ಮುಖಕ್ಕೆ ಬಡಿಯುತ್ತಿತ್ತು. ನಾನು ತಲಪುವಾಗ ಟ್ರ್ಯಾಕ್ಟರಿನ ಎಂಜಿನ್ ಶುರುವಾಗಿತ್ತು. ಎದುರಿಗೇ ಹೋಗಿ ನಿಂತುಬಿಟ್ಟೆ. ಅಪ್ಪ ಧಾವಿಸಿ ಬಂದು ರಟ್ಟೆ ಹಿಡಿದು ಎಳೆದರು. ಎಂಜಿನ್ ಸದ್ದಿನಲ್ಲಿ ನಾನು ಅಳುತ್ತ ಹೇಳಿದ್ದು ಅವರಿಗೆ ಕೇಳಿಸದೆ ಎರಡೆರಡು ಸಲ ಹೇಳಬೇಕಾಯಿತು. ಕೇಳಿಸಿದ ಮೇಲೆ ಅವರು ಬೈಯಲಿಲ್ಲ. ಆಳಿನ ಕೈಯಿಂದ ಕತ್ತಿ ಇಸಿದುಕೊಂಡು, ಒಂದು ಗಿಡದ ಬುಡದಲ್ಲಿ ಕೂತು ಮಣ್ಣು ಕೆದಕಿದರು. ಮೇಲೆ ಎರಡು ಬೆರಳಿನಷ್ಟು ತೇವ, ಅದರ ಕೆಳಗೆ ಬೂದಿಯಂಥ ಒಣ ಮಣ್ಣು. ಇನ್ನೂ ನಾಲ್ಕು ಗಿಡದ ಬುಡದಲ್ಲಿ ಕೆದಕಿದರು. ಅಲ್ಲೂ ಹಾಗೆಯೇ.

ಅಪ್ಪ ಎದ್ದು ಪಂಚೆ ಕೊಡವಿಕೊಂಡರು. "ಪೈಪು ಇಳಿಸಿ. ನನ್ನ ಅಳತೆ ತಪ್ಪಾಗಿದೆ" ಎಂದರು.

"ನಿಮ್ಮ ಅಳತೆಯಾ? ರೈಟರ ಅಳತೆ ತಪ್ಪೋದುಂಟಾ?" ಎಂದು ಪಕ್ಕದ ಎಸ್ಟೇಟಿನ ಡ್ರೈವರ್ ನಕ್ಕ. ಆಳುಗಳೂ ನಕ್ಕರು. ಅಪ್ಪ ನನ್ನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. "ಹೌದು, ತಪ್ಪಿದೆ" ಎಂದು ಇನ್ನೊಮ್ಮೆ ಹೇಳಿ ತಾವೇ ಮೊದಲ ಪೈಪಿಗೆ ಹೆಗಲು ಕೊಟ್ಟರು. ಅಂದು ನಾನು ಏಟು ತಿಂದಿದ್ದರೆ ಅದು ಆ ನಗುವಿಗಿಂತ ಎಷ್ಟೋ ಹಗುರವಾಗಿರುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದು ಪುಸ್ತಕ ತೆರೆದರು. ಬರೆದದ್ದಕ್ಕೆ ಗೆರೆ ಎಳೆದು, "ನೀನು ನೋಡಿದಾಗ ಎಷ್ಟಿತ್ತು ಮಗಾ?" ಎಂದು ಮೆಲ್ಲಗೆ ಕೇಳಿದರು. ನಾನು ಬಾಯಿಗೆ ಬಂದ ಅಂಕಿಯೊಂದನ್ನು ಹೇಳಹೊರಟು ನಿಲ್ಲಿಸಿದೆ. ಗೊತ್ತಿಲ್ಲ ಅಪ್ಪಾ ಎಂದೆ. ಅವರು ಅಂಕಿ ಬರೆಯುವ ಜಾಗದಲ್ಲಿ "ಗೊತ್ತಿಲ್ಲ" ಎಂದು ಬರೆದರು. ಆ ಪುಸ್ತಕದಲ್ಲಿ ಅಂಥ ಮಾತು ಬಂದದ್ದು ಅದೊಂದೇ ಸಲ.

ಸ್ಪ್ರಿಂಕ್ಲರ್ ಎರಡು ದಿನ ತಿರುಗಿತು. ಮುಂದಿನ ವಾರ ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ವಾಸನೆ ಅಡುಗೆಮನೆಯವರೆಗೂ ಬಂತು. ಅಪ್ಪನ ಕೆಲಸ ಉಳಿಯಿತು. ಆದರೂ ಅದಾದ ಮೇಲೆ ಕೆಲವು ದಿನ, ಅಪ್ಪ ಅಂಕಿ ಹೇಳಿದರೆ "ಗ್ಯಾರಂಟಿಯಾ ರೈಟರೇ?" ಎಂದು ಜನ ತಮಾಷೆ ಮಾಡುತ್ತಿದ್ದರು. ಅದನ್ನು ಕೇಳಿದಾಗೆಲ್ಲ ನಾನು ಮನೆ ಹಿಂದಕ್ಕೆ ಓಡಿಹೋಗುತ್ತಿದ್ದೆ.

ನೀವು ಈಗ ಫೋನ್ ಉಜ್ಜಿ, ಮಳೆ ನಾಳೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುತ್ತೀರಿ. ಆ ಫೋನಿನೊಳಗಿನ ಚಿಪ್ ನಡೆಯುವುದೇ ಅಕ್ಕನ ಪುಸ್ತಕದ ಆ ಕ್ವಾಂಟಂ ಪಾಠಗಳ ಆಸರೆಯಿಂದ. ಎಲೆಕ್ಟ್ರಾನ್ ಇಂಥಲ್ಲೇ ಇದೆ ಎಂದು ಹೇಳಲಾಗದವರು ಅದರಿಂದಲೇ ಇಷ್ಟು ಕೆಲಸ ಮಾಡಿಸಿದರಲ್ಲ ಎಂದು ನನಗೆ ಈಗಲೂ ಬೆರಗು. ನೀವು ನಿಮಿಷಕ್ಕೊಮ್ಮೆ ಇಣುಕಿದರೂ ಫೋನಿನ ಮಳೆ ಚೆಲ್ಲುವುದಿಲ್ಲ, ಅದಕ್ಕೆ ನಿಮ್ಮ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ನಿನ್ನೆ ಈ ಕತೆ ಕೇಳಿ, ಆವತ್ತು ನಿಜವಾಗಿ ಎಷ್ಟು ಸೆಂಟು ಬಂದಿತ್ತು ಎಂದು ಎಲ್ಲರೂ ಸೇರಿ ಫೋನಿನಲ್ಲಿ ಹುಡುಕಿದಿರಿ. ಇನ್ನೂ ಹುಡುಕಿ ಬೇಕಾದರೆ. ಆ ಬಯಲಿನ ಮಳೆಯನ್ನು ಬಲ್ಲ ಬಾಟಲಿ ಇದ್ದದ್ದು ಒಂದೇ, ಮಕ್ಕಳೇ. ಅದು ನನ್ನ ಕೈಯಲ್ಲಿತ್ತು.