ಸಾಣೆಯಕ್ಕನ ಹಿಮಗೊಡಲಿ

ಹಿಮಬೆಟ್ಟದ ತಪ್ಪಲಿನ ಊರಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುವ ಆಕೆಯನ್ನು ಎಲ್ಲರೂ ಸಾಣೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳ ಹಿಂದೆ ಯಾರೋ ಪರ್ವತಾರೋಹಿ ಹಿಮಗೊಡಲಿಯೊಂದನ್ನು ಮಸೆಯಲು ಕೊಟ್ಟು ಹೋದವನು ಮರಳಿ ಬರಲೇ ಇಲ್ಲ. ಹೆಪ್ಪುಗಟ್ಟಿದ ಜಲಪಾತಕ್ಕೆ ಕಚ್ಚಿಸಿ ಮೇಲೇರುವ ಆ ಕೊಡಲಿಯ ಬಾಗಿದ ಮೂತಿಗೆ ಅವಳು ಮನಸೋತಳು. ಅಂದಿನಿಂದ ಒಂದು ಗುಜರಿ ಅಂಗಡಿಯನ್ನೂ ಬಿಡದೆ ಜಾಲಾಡಿದಳು. ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳುಗಳು, ಮಂಜುಗಡ್ಡೆಗೆ ತಿರುಗಿಸಿ ಕೂರಿಸುವ ಮೊಳೆಗಳು, ಕೊಡಲಿಗಳೇ ನಲವತ್ತು. ನಡುಮನೆಯ ಗೋಡೆ ತುಂಬಿಹೋಯಿತು. ತಾನು ಮಾತ್ರ ಏಣಿಯ ಮೂರನೇ ಮೆಟ್ಟಿಲಿಗೇ ತಲೆ ತಿರುಗುವವಳು.

ಬಸ್ ಓಡಿಸುವ ಗಂಡ ಗೊಣಗುತ್ತಿರಲಿಲ್ಲ. ಬಂದವರಿಗೆ ಮಾತ್ರ, "ನಮ್ಮನೇಗೆ ಬರೋ ಕಳ್ಳ ಆಯುಧ ತರೋದೇ ಬೇಡ" ಎನ್ನುತ್ತಿದ್ದ.

ಒಮ್ಮೆ ಪರ್ವತಾರೋಹಿಗಳ ಸಂಘದವರು ಉಗ್ರಾಣ ಖಾಲಿ ಮಾಡಿ ಹಳೆಯದನ್ನೆಲ್ಲ ಮಾರಾಟಕ್ಕಿಟ್ಟರು. ಮೇಜಿನ ಕೆಳಗೆ ಹಸಿರು ಬಣ್ಣ ಬಳಿದ ಗಿಡ್ಡ ಕಬ್ಬಿಣವೊಂದು ಬಿದ್ದಿತ್ತು. ಸಾಣೆಯಕ್ಕ ಅದನ್ನು ಕೈಯಲ್ಲಿ ತೂಗಿ ನೋಡಿ, ಇದು ಹಿಮಗೊಡಲಿ ಎಂದಳು. ಕಾರ್ಯದರ್ಶಿ ನಕ್ಕುಬಿಟ್ಟ. ಅದು ತೋಟದವನು ಕಲ್ಲು ಮೀಟುವ ಪಿಕಾಸಿಯಂತೆ. ಬೇಕಾದರೆ ಸುಮ್ಮನೆ ಒಯ್ಯಬಹುದಂತೆ. ಸುತ್ತ ನಿಂತವರೂ ನಕ್ಕರು. ಅವಳ ಮುಖ ಕೆಂಪಾಯಿತು, ಆದರೆ ಕಬ್ಬಿಣವನ್ನು ಕೈಬಿಡಲಿಲ್ಲ.

ಒಂಬತ್ತು ದಿನ ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ ನೆನೆಸಿ ಹಿತ್ತಾಳೆಯ ಬ್ರಶ್ಶಿನಿಂದ ಉಜ್ಜಿದಳು. ಸಾಣೆಕಲ್ಲಿನ ಹತ್ತಿರಕ್ಕೂ ಒಯ್ಯಲಿಲ್ಲ. ಮೂರು ಪದರ ಬಣ್ಣ ಕಳಚಿದ ಮೇಲೆ ಮೂತಿಯ ಅಡಿಯಲ್ಲಿ ಅರದಿಂದ ಕೊರೆದ ಏಳು ಹಲ್ಲುಗಳು ಕಾಣಿಸಿದವು. ನಾಲ್ಕನೆಯದು ಅರ್ಧ ಮುರಿದಿತ್ತು. ಕಲ್ಲು ಮೀಟುವ ಪಿಕಾಸಿಗೆ ಹಲ್ಲೇಕೆ? ಆಗ ಅವಳಿಗೆ ಸಂಘದ ಗೋಡೆಯ ಮೇಲಿನ ದೊಡ್ಡ ಫೋಟೋ ನೆನಪಾಯಿತು. ಎದುರಿನ ಬೆಟ್ಟದ ಹಿಮಗೋಡೆಯನ್ನು ಮೊದಲ ಸಲ ಹತ್ತಿದ ಹೆಂಗಸು, ಗಿಡ್ಡ ಕೊಡಲಿಯನ್ನು ಎದೆಗೆ ಅಡ್ಡ ಹಿಡಿದು ನಿಂತಿದ್ದಳು. ಆ ಕೊಡಲಿ ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ವಾರ್ಷಿಕ ಸಭೆಯ ದಿನ ಸಾಣೆಯಕ್ಕ ನೇರ ಒಳಗೆ ನಡೆದು, ಫೋಟೋ ಇಳಿಸಿಕೊಡಿ ಎಂದು ಕೇಳಿದಳು. ಅದರ ಪಕ್ಕದಲ್ಲಿ ಕೊಡಲಿಯನ್ನಿಟ್ಟು, ಭೂತಗನ್ನಡಿಯನ್ನು ಕಾರ್ಯದರ್ಶಿಯ ಕೈಗೆ ಕೊಟ್ಟಳು.

"ಹಲ್ಲು ಎಣಿಸಿ ಸರ್."

ಅವನು ಫೋಟೋದಲ್ಲಿ ಎಣಿಸಿದ. ಮತ್ತೆ ಕೊಡಲಿಯಲ್ಲಿ ಎಣಿಸಿದ.

"ಏಳು. ಎರಡರಲ್ಲೂ ನಾಲ್ಕನೇದು ಮುರಿದಿದೆ," ಎಂದು ತಲೆಯೆತ್ತಿದ. "ಅಕ್ಕಾ, ಮೂವತ್ತು ವರ್ಷದಿಂದ ನಾವು ಹುಡುಕ್ತಾ ಇದ್ದಿದ್ದು ಇದನ್ನೇ. ತಪ್ಪು ನಂದು."

ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಹಿಂದಿನ ಸಾಲಿನಲ್ಲಿ ಯೂನಿಫಾರ್ಮಿನಲ್ಲೇ ಕೂತಿದ್ದ ಗಂಡ ಎಲ್ಲರಿಗಿಂತ ಜೋರಾಗಿ ತಟ್ಟಿದ. ತಾನು ಯಾರೆಂದು ಎಡಬಲದವರಿಗೆ ಹೇಳುವುದನ್ನೂ ಮರೆಯಲಿಲ್ಲ. ಕೊಡಲಿಯನ್ನು ಮಾರುತ್ತೀರಾ ಎಂದು ಸಂಘದವರು ಕೇಳಿದರು. ಮಾರುವ ಮಾತೇ ಇಲ್ಲ, ಪ್ರದರ್ಶನವಿದ್ದಾಗ ತಾನೇ ತರುತ್ತೇನೆ ಎಂದಳು.

ಮರುವಾರ ಕಾರ್ಯದರ್ಶಿ ತುಕ್ಕು ಹಿಡಿದ ಸಾಮಾನಿನ ಎರಡು ಚೀಲ ಹೊತ್ತು ಓಣಿಗೆ ಬಂದ. ಯಾವುದನ್ನು ಇಟ್ಟುಕೊಳ್ಳಬೇಕೆಂದು ಅಕ್ಕನೇ ನೋಡಿ ಹೇಳಬೇಕಂತೆ. ಅವಳು ಚಕ್ರ ನಿಲ್ಲಿಸದೆ ಬೆಂಚು ತೋರಿಸಿದಳು.

"ಕೂತ್ಕೊಳ್ಳಿ ಸರ್. ದರ್ಜಿಯಮ್ಮನ ಕತ್ತರಿ ಮೊದ್ಲು ಬಂದಿದೆ."