ಹತ್ತು ಲೀಟರಿನ ಜೋಡಿ

ಬಸ್ ಡಿಪೋದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಗಿಡ್ಡಕ್ಕ ಎಂದೇ. ಅವಳು ಓಡಿಸುವ ಬಸ್ಸನ್ನು ಎದುರಿನಿಂದ ನೋಡಿದವರು ಗಾಜಿನ ಹಿಂದೆ ಬರೀ ಟೋಪಿ ಕಂಡು, ಗಾಡಿ ತಾನಾಗಿ ಹೊರಟುಬಿಟ್ಟಿದೆ ಎಂದು ಬೆಚ್ಚಿಬೀಳುತ್ತಾರೆ ಅಂತ ಒಂದು ಮಾತಿತ್ತು. ಆ ಮಾತನ್ನು ಹಬ್ಬಿಸಿದವಳೂ ಅವಳೇ. ಯಾರಾದರೂ ಆಡಿಕೊಳ್ಳುವ ಮೊದಲು ತಾನೇ ಆಡಿಕೊಂಡು ನಕ್ಕು ಮುಗಿಸುವುದು ಅವಳ ಜಾಯಮಾನ. ಆದರೆ ಹಿಡಿದ ಕೆಲಸದ ವಿಷಯಕ್ಕೆ ಬಂದರೆ ಉಡದ ಪಟ್ಟು.

ರಜೆಯ ದಿನ ಅವಳು ಊರಂಚಿನ ಕಲ್ಲುಕ್ವಾರಿಯ ನೀರಿನಲ್ಲಿರುತ್ತಿದ್ದಳು. ಅವಳು ಕೂಸಾಗಿದ್ದಾಗ ಕ್ವಾರಿಯ ತಳದಲ್ಲಿ ಒರತೆ ಒಡೆದು, ಪಂಪುಗಳು ಸೋತು, ಇಡೀ ಗುಂಡಿ ತುಂಬಿಹೋಗಿತ್ತು. ಈಗ ಅದು ಮೂಳೆ ಕೊರೆಯುವಷ್ಟು ತಣ್ಣಗಿನ ಕೆರೆ. ದಡದಲ್ಲೊಂದು ಸ್ಕೂಬಾ ಕ್ಲಬ್ಬು. ಗಾಳಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ನೀರಿನಡಿ ಉಸಿರಾಡುವುದನ್ನು ಅಲ್ಲಿ ಕಲಿಸುತ್ತಿದ್ದವರು ಸಣಕಲು ಮೈಯ, ಮಿತಮಾತಿನ ಹಿರಿಯರೊಬ್ಬರು. ಅವರು ಎಲ್ಲರಿಗೂ ಮೇಷ್ಟ್ರು.

ಅವಳ ಅಪ್ಪ ಒಂದು ಕಾಲದಲ್ಲಿ ಅದೇ ಕ್ವಾರಿಯ ಕಮ್ಮಾರ. ಕಲ್ಲು ಒಡೆಯುವವರ ಉಳಿಗಳನ್ನು ಕಾಸಿ, ತಟ್ಟಿ, ಹರಿತ ಮಾಡಿಕೊಡುತ್ತಿದ್ದ. ಮದ್ದು ಸಿಡಿಸಿದಾಗ ಹಾರುವ ಚೂರುಗಳು ತಾಗದಿರಲೆಂದು ಬಂಡೆಯ ಗೋಡೆಯೊಳಗೇ ಕೋಣೆ ಕಡೆದು ತನಗೆ ಕುಲುಮೆ ಮಾಡಿಕೊಟ್ಟಿದ್ದರೆಂದು ಅವನು ಹೇಳುತ್ತಿದ್ದ. ನೀರು ನುಗ್ಗಿದ ದಿನ ಎಲ್ಲರೂ ಉಟ್ಟ ಬಟ್ಟೆಯಲ್ಲಿ ಮೇಲೆ ಓಡಿಬಂದರು. ಕಬ್ಬಿಣ ಇಟ್ಟು ಬಡಿಯುವ ಅವನ ಅಡಿಗಲ್ಲು, ಚಮ್ಮಟಿಗೆ, ತಿದಿ ಎಲ್ಲವೂ ಕೆಳಗೇ ಉಳಿದವು.

ಗಿಡ್ಡಕ್ಕನ ಗಂಡನದು ಕ್ಷೌರದಂಗಡಿ. ಒಂದು ಬೆಳಿಗ್ಗೆ ಅಪ್ಪ ಅಳಿಯನ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಲುಮೆಯ ಕಥೆ ಹೇಳುತ್ತಿದ್ದಾಗ, ಸರದಿಯಲ್ಲಿ ಕೂತಿದ್ದ ಮರದ ವ್ಯಾಪಾರಿ ನಕ್ಕ.

"ಬಂಡೆ ಒಳಗೆ ಕುಲುಮೆನಾ? ಹೊಗೆ ಎಲ್ಲಿಗೆ ಹೋಗ್ತಿತ್ತು ಯಜಮಾನ್ರೇ, ನಿಮ್ಮ ಕಿವಿಯಿಂದನಾ?"

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು.  ಅರ್ಧ ಗಡ್ಡ ಹಾಗೇ ಇರುವಾಗಲೇ ಅಪ್ಪ ಎದ್ದ. ಬಟ್ಟೆಯನ್ನು ಕುತ್ತಿಗೆಯಿಂದ ಕಿತ್ತು ಕುರ್ಚಿಯ ಮೇಲೆ ಹಾಕಿ, ನೊರೆ ಮೆತ್ತಿದ ಮುಖದಲ್ಲೇ ಬೀದಿ ದಾಟಿ ಮನೆಗೆ ಬಂದ. ಅಂದಿನಿಂದ ಕ್ವಾರಿಯ ಸುದ್ದಿಯೇ ಎತ್ತಲಿಲ್ಲ. ಮಾತಿನ ಮಲ್ಲನಾಗಿದ್ದವನು ಊಟದ ಮುಂದೆಯೂ ಬಾಯಿಗೆ ಬೀಗ ಹಾಕಿಕೊಂಡು ಕೂರುವುದನ್ನು ನೋಡಿ ಗಿಡ್ಡಕ್ಕ ಆ ಕುಲುಮೆಯನ್ನು ತಾನೇ ಹುಡುಕುವುದೆಂದು ಹಟ ಹಿಡಿದಳು.

ಅಪ್ಪ ಹೇಳುತ್ತಿದ್ದ ಜಾಗ ಕ್ಲಬ್ಬಿನವರಿಗೆ ಗೊತ್ತಿತ್ತು. ಅಲ್ಲಿ ಕಲ್ಲು ಕುಸಿದು ಒಂದು ತಗ್ಗು ಸಂದಿ ಮಾತ್ರ ಉಳಿದಿತ್ತು. ಬೆನ್ನ ಮೇಲೆ ಸಿಲಿಂಡರ್ ಹೊತ್ತವರು ಅದರೊಳಗೆ ತಲೆ ಹಾಕಬಹುದಿತ್ತೇ ಹೊರತು ಮೈ ತೂರಿಸುವಂತಿರಲಿಲ್ಲ. ಗಿಡ್ಡಕ್ಕನಿಗೆ ಅದೂ ಇಲ್ಲವಾಗಿತ್ತು. ವರ್ಷಗಟ್ಟಲೆ ಬಸ್ಸಿನ ಸೀಟಿನಲ್ಲಿ ಕುಲುಕಿ ಕುಲುಕಿ ಈಚೆಗೆ ಅವಳ ಸೊಂಟದ ಡಿಸ್ಕ್ ಜಾರಿತ್ತು. ಬೆನ್ನಿಗೆ ಭಾರ ಹಾಕಲೇಕೂಡದು ಎಂದಿದ್ದರು ಡಾಕ್ಟರು.

ಅವಳು ನೇರ ಮೇಷ್ಟ್ರ ಬಳಿಗೆ ಹೋದಳು. "ಮೇಷ್ಟ್ರೇ, ಆ ಸಂದಿ ಒಳಗೆ ನಾನು ಹೋಗ್ಬೇಕು. ದಾರಿ ಹೇಳಿ."

"ಬೆನ್ನು?"

"ಬೆನ್ನಿನ ವ್ಯಾಯಾಮ ದಿನಾ ಮಾಡ್ತಿದ್ದೀನಿ. ಬೆನ್ನ ಮೇಲೆ ಹೊರೋದಿಲ್ಲ, ಅಷ್ಟೇ."

ಮೇಷ್ಟ್ರು ಎರಡೂ ಕೈಯಿಂದ ತಮ್ಮ ಪಕ್ಕೆ ತೋರಿಸಿದರು. "ಹಾಗಾದ್ರೆ ಪಕ್ಕಕ್ಕೆ ಕಟ್ಕೋಬೇಕು. ಸೈಡ್‌ಮೌಂಟ್ ಅಂತಾರೆ. ಎಡಕ್ಕೊಂದು, ಬಲಕ್ಕೊಂದು. ಕಂಕುಳಿಂದ ಸೊಂಟದವರೆಗೆ ಮೈಗೆ ಅಂಟಿಕೊಂಡಿರ್ಬೇಕು. ನೀರಿಗೆ ಇಳಿದ ಮೇಲೆ ಒಂದೊಂದಾಗಿ ಸಿಕ್ಕಿಸ್ಕೋಬಹುದು, ಬೆನ್ನಿಗೆ ತೊಂದ್ರೆ ಇಲ್ಲ. ಆದ್ರೆ ಮೊದಲು ಕಲಿಯೋದಿದೆ, ಆಮೇಲೆ ಸಂದಿ."

ಕಲಿಯಲು ಶುರುವಾಯಿತು. ಮೊದಲ ಜಗಳ ಬಂದದ್ದು ಸಿಲಿಂಡರಿನ ಅಳತೆಯ ಮೇಲೆ. ಕ್ಲಬ್ಬಿನ ಹುಡುಗರೆಲ್ಲ ಹನ್ನೆರಡು ಲೀಟರಿನ ಉಕ್ಕಿನ ಸಿಲಿಂಡರುಗಳನ್ನೇ ಬಳಸುತ್ತಿದ್ದರು. ತಾನೇನು ಕಡಿಮೆ ಎಂದು ಗಿಡ್ಡಕ್ಕನೂ ಅವನ್ನೇ ಎತ್ತಿಕೊಂಡಳು. ನೀರಿಗಿಳಿದು ಕಾಲು ಬಡಿದರೆ ಪ್ರತಿ ಬಡಿತಕ್ಕೂ ಸಿಲಿಂಡರಿನ ತಳ ತೊಡೆಗೆ ಗುದ್ದುತ್ತಿತ್ತು. ಭಾರಕ್ಕೆ ಕಾಲು ಕೆಳಗೆ ಜಗ್ಗಿ, ಹೂಳಿಗೆ ತಾಗಿ, ನೀರೆಲ್ಲ ಬಗ್ಗಡವಾಯಿತು. ಮೇಲೆ ಬಂದಾಗ ತೊಡೆ ನೀಲಿಗಟ್ಟಿತ್ತು.

"ಅದೇ ಹನ್ನೆರಡರಲ್ಲಿ ಗಿಡ್ಡದ್ದೂ ಇದೆ," ಎಂದ ಕ್ಲಬ್ಬಿನಲ್ಲಿ ಸಿಲಿಂಡರಿಗೆ ಗಾಳಿ ತುಂಬುವ ಹುಡುಗ. ಅದು ಉದ್ದದಲ್ಲಿ ಸರಿಹೋಯಿತು, ಆದರೆ ಮಡಕೆಯಂತೆ ದಪ್ಪ. ಎರಡೂ ಪಕ್ಕಕ್ಕೆ ಕಟ್ಟಿಕೊಂಡಾಗ ಗಿಡ್ಡಕ್ಕ ಉದ್ದಕ್ಕಿಂತ ಅಗಲವೇ ಹೆಚ್ಚಾದಳು. ಮೇಷ್ಟ್ರು ಸಂದಿಯ ಅಳತೆಗೆ ದಡದಲ್ಲಿ ಕಟ್ಟಿಗೆಯ ಚೌಕಟ್ಟು ನಿಲ್ಲಿಸಿದ್ದರು. ಅದರೊಳಗೆ ತೂರಲು ಹೋಗಿ ಅವಳು ಸಿಕ್ಕಿಹಾಕಿಕೊಂಡು, ಗಂಡ ಬಂದು ಚೌಕಟ್ಟನ್ನೇ ಬಿಚ್ಚಬೇಕಾಯಿತು.

"ಹಗುರದ ಅಲ್ಯುಮಿನಿಯಂ ತಗೊಂಡ್ರಾಯ್ತಪ್ಪ," ಎಂದ ಗಂಡ, ಮೊಳೆ ಕೀಳುತ್ತ.

"ದಡದ ಮೇಲೆ ಅದೇನು ಹಗುರವಲ್ಲ," ಎಂದರು ಮೇಷ್ಟ್ರು. "ನೀರೊಳಗೆ ಗಾಳಿ ಖಾಲಿ ಆಗ್ತಾ ಬಂದ ಹಾಗೆ ಅದು ತೇಲೋಕೆ ಶುರು ಮಾಡುತ್ತೆ. ತಳ ಮೇಲೆದ್ದು ಚಾವಣಿಗೆ ಬಡಿಯುತ್ತೆ. ಅದನ್ನ ಸರಿ ಮಾಡ್ತಾ ಕೂರಬೇಕು, ಅದೂ ಸಂದಿ ಒಳಗೆ. ಉಕ್ಕು ಹಾಗಲ್ಲ, ಖಾಲಿಯಾದ್ರೂ ಮೈ ಪಕ್ಕದಲ್ಲೇ ಮಲಗಿರುತ್ತೆ. ಚಳಿಗೆ ಹಾಕೋ ದಪ್ಪ ರಬ್ಬರ್ ಸೂಟು ನಮ್ಮನ್ನ ತೇಲಿಸುತ್ತಲ್ಲ, ಅದಕ್ಕೆ ಸೊಂಟಕ್ಕೆ ಕಟ್ಟೋ ಸೀಸದ ಕೆಲಸನೂ ಉಕ್ಕೇ ಮಾಡುತ್ತೆ."

ಹಾಗಾದರೆ ಏಳು ಲೀಟರಿನ ಉಕ್ಕು ಸಾಕು ಎಂದು ಗಿಡ್ಡಕ್ಕ ತೀರ್ಮಾನಿಸಿಬಿಟ್ಟಳು. ತೆಳ್ಳಗೆ, ಮೋಟಾಗಿ, ಅವಳಿಗೆಂದೇ ಹೊಲಿಸಿದ ರವಿಕೆಯಂತೆ ಅವು ಮೈಗೆ ಕೂತವು. ಮೇಷ್ಟ್ರು ತಲೆಯಾಡಿಸಿದರು. "ಮೈಗೆ ಸರಿ. ಗಾಳಿಗೆ ಸರಿಯಾ?"

"ನಾನೇನು ಆನೆನಾ ಮೇಷ್ಟ್ರೇ? ನನ್ನ ಉಸಿರು ಎಷ್ಟಾದೀತು?"

"ಹೋಗಿ ನೋಡೋಣ. ಆದ್ರೆ ನಿಯಮ ನಿಯಮಾನೇ."

ನಿಯಮ ಸರಳವಾಗಿತ್ತು. ಗಾಳಿಯನ್ನು ಮೂರು ಸಮಪಾಲು ಮಾಡಿ, ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದ ಪಾಲು ಆಪತ್ತಿಗೆ. ಮೊದಲ ಪಾಲು ಮುಗಿದ ಕ್ಷಣ, ಎದುರಿಗೆ ಏನೇ ಇರಲಿ, ಹಿಂತಿರುಗಬೇಕು.

ಇಬ್ಬರೂ ಇಳಿದರು. ಆಳಕ್ಕೆ ಹೋದಷ್ಟೂ ಪ್ರತಿ ಉಸಿರಿಗೂ ಗಾಳಿ ಹೆಚ್ಚು ಬೇಕಾಗುತ್ತದೆಂದು ಗಿಡ್ಡಕ್ಕ ಪಾಠದಲ್ಲಿ ಕೇಳಿದ್ದಳು. ಅಂದು ಕಣ್ಣಾರೆ ಕಂಡಳು. ಉಳಿದ ಗಾಳಿ ತೋರಿಸುವ ಗೇಜಿನ ಮುಳ್ಳು ಸರಸರ ಇಳಿಯುತ್ತಿತ್ತು. ಸಂದಿಯ ಬಾಯಿಗೆ ಬಂದು ಟಾರ್ಚು ಹಾಕಿದಾಗ ಒಳಗೆ ನೇರ ಅಂಚಿನ ಏನೋ ಕಪ್ಪಗೆ ಕಂಡಿತು. ಅದು ಕಡೆದ ಗೋಡೆಯೋ, ಕುಸಿದ ಬಂಡೆಯೋ? ಎರಡು ಮಾರು ಮುಂದೆ ಹೋದರೆ ತಿಳಿಯುತ್ತಿತ್ತು. ಗೇಜು ನೋಡಿದಳು. ಮೊದಲ ಪಾಲು ಮುಗಿದಿತ್ತು.

ಮೇಷ್ಟ್ರು ಸನ್ನೆ ಮಾಡಬೇಕಾಗಿ ಬರಲಿಲ್ಲ. ಅವಳೇ ಹೆಬ್ಬೆರಳೆತ್ತಿ ಹಿಂದಿರುಗುವ ಗುರುತು ತೋರಿಸಿದಳು. ಮೇಲೆ ಬಂದು ಮುಖವಾಡ ತೆಗೆದಾಗ ಅವಳ ಕಣ್ಣಲ್ಲಿ ನೀರಿತ್ತು, ಅದು ಕೆರೆಯದ್ದಲ್ಲ.

"ನೀವು ಹೇಳಿದ್ದೇ ಸರಿ. ಏಳು ಸಾಲದು," ಎಂದಳು.

"ತಿರುಗಿ ಬಂದ್ರಲ್ಲ. ಇನ್ಮೇಲೆ ನಿಮ್ಮನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ತೀನಿ," ಎಂದರು ಮೇಷ್ಟ್ರು.

ಕೊನೆಗೆ ಹತ್ತು ಲೀಟರಿನ ಜೋಡಿಗೆ ಬಂದರು. ಉದ್ದದಲ್ಲಿ ಏಳರಷ್ಟೇ, ಸುತ್ತಳತೆಯಲ್ಲಿ ಒಂದಿಷ್ಟು ಹೆಚ್ಚು. ಚೌಕಟ್ಟಿನೊಳಗೆ ಮೈ ಉಜ್ಜಿಕೊಂಡಾದರೂ ತೂರಬಹುದಿತ್ತು. ಆದರೆ ಸಿಲಿಂಡರಿಗೆ ಬಿಗಿದ, ಹುಕ್ಕು ಸಿಕ್ಕಿಸುವ ಲೋಹದ ಪಟ್ಟಿಗಳು ಅವಳ ಸೊಂಟದ ಲೆಕ್ಕಕ್ಕೆ ತೀರ ಕೆಳಗೆ ಬಂದು ಸಿಲಿಂಡರುಗಳು ಜೋತುಬೀಳುತ್ತಿದ್ದವು. ಅವನ್ನು ಮನೆಗೆ ತಂದು ಅಂಗಳದಲ್ಲಿ ತಿರುಪು ಬಿಚ್ಚುತ್ತ ಕೂತಾಗ ಅಪ್ಪ ಬಾಗಿಲಿಗೆ ಬಂದು ನಿಂತ.

"ಯಾಕಮ್ಮ ಈ ಕಷ್ಟ? ಜನ ಅಂದ್ರೆ ಅನ್ಲಿ ಬಿಡು. ನಂಗೇನು ಸವೆದುಹೋಗೋದಿಲ್ಲ."

"ನಿನಗೋಸ್ಕರ ಅಂತ ಯಾರಂದ್ರು? ನಂಗೆ ನೋಡ್ಬೇಕು, ಹೋಗ್ತೀನಿ."

 ಅಪ್ಪ ಕುಕ್ಕರುಗಾಲಿನಲ್ಲಿ ಕೂತು ಪಟ್ಟಿಯನ್ನು ಕೈಗೆತ್ತಿಕೊಂಡು, "ಇದರ ಅಂಚು ನೋಡು, ಗರಗಸ ಇದ್ದ ಹಾಗಿದೆ. ಸೂಟು ಹರಿದುಹೋಗುತ್ತೆ. ಅರ ಕೊಡು ಇಲ್ಲಿ," ಎಂದ. ಆ ಮಧ್ಯಾಹ್ನವೆಲ್ಲ ಅಪ್ಪ ಮಗಳು ಪಟ್ಟಿ ಏರಿಸಿ ಇಳಿಸಿ, ಅವಳನ್ನು ಮೇಜಿನ ಮೇಲೆ ಬೋರಲು ಮಲಗಿಸಿ ನೋಡಿ, ಮತ್ತೆ ಏರಿಸಿದರು. ಅಂಗಡಿ ಮುಚ್ಚಿ ಊಟಕ್ಕೆ ಬಂದ ಗಂಡ, ಹೆಂಡತಿ ಮೇಜಿನ ಮೇಲೆ ಕಪ್ಪೆಯಂತೆ ಮಲಗಿರುವುದನ್ನು ಕಂಡು, "ಊಟ ಎಲ್ಲಿ ಬಡಿಸ್ಲಿ, ಇವಳ ಬೆನ್ನ ಮೇಲಾ?" ಎಂದ. ಎಷ್ಟೋ ತಿಂಗಳ ನಂತರ ಅಪ್ಪ ನಕ್ಕ.

ಹತ್ತರ ಜೋಡಿಯೊಡನೆ ಅವಳು ಆ ಬೇಸಿಗೆಯಿಡೀ ತಾಲೀಮು ಮಾಡಿದಳು. ಸೊಂಟದ ಸೀಸವನ್ನು ತುಂಡು ತುಂಡಾಗಿ ಕಳಚಿ, ಉಕ್ಕಿನ ಭಾರಕ್ಕೆ ಸರಿತೂಗಿಸಿದಳು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಉಸಿರೆಳೆದು ಎರಡನ್ನೂ ಸಮವಾಗಿ ಇಳಿಸುವುದು, ಕಣ್ಣು ಕಟ್ಟಿಕೊಂಡು, ದಾರಿಯುದ್ದ ಬಿಟ್ಟುಬಂದ ದಾರ ಹಿಡಿದು ಹೊರಬರುವುದು, ಹೂಳು ಕದಡದಂತೆ ಪಾದ ಮಾತ್ರ ಆಡಿಸುವುದು ಎಲ್ಲವೂ ನಿದ್ದೆಯಲ್ಲೂ ಬರುವಷ್ಟಾಯಿತು. ಸಿಲಿಂಡರುಗಳನ್ನು ಗಂಡ ಹಗ್ಗ ಕಟ್ಟಿ ಒಂದೊಂದಾಗಿ ನೀರಿಗೆ ಇಳಿಸಿಕೊಡುತ್ತಿದ್ದ.

ಮೇಷ್ಟ್ರು ಒಪ್ಪಿದ ದಿನ ಆಕಾಶ ತಿಳಿಯಾಗಿತ್ತು. ಸಂದಿಯ ಬಾಯಿಗೆ ಬಂದಾಗ ಗೇಜಿನಲ್ಲಿ ಇನ್ನೂ ಧಾರಾಳವಿತ್ತು. ಮೇಷ್ಟ್ರು ದಾರದ ತುದಿ ಹಿಡಿದು ಸಂದಿಯ ಹೊರಗೇ ನಿಂತರು. ಗಿಡ್ಡಕ್ಕ ಎದೆಯನ್ನು ನೆಲಕ್ಕೆ ತಾಗಿಸದೆ, ತಲೆಯನ್ನು ಮೇಲಕ್ಕೆ ತಾಗಿಸದೆ, ಗೇಣು ಗೇಣು ಒಳಗೆ ಸರಿದಳು. ಬಲಗಡೆಯ ಉಕ್ಕು ಬಂಡೆಗೆ ಒಮ್ಮೆ ಠಣ್ಣೆಂದಿತು. ನಿಂತಳು, ಉಸಿರು ಹದ ಮಾಡಿಕೊಂಡಳು, ಮತ್ತೆ ಸರಿದಳು. ಆಮೇಲೆ ಮೇಲೆ ಕೆಳಗೆ ಎಲ್ಲ ಬಯಲಾಯಿತು.

ಅದು ಕೋಣೆ. ನಾಲ್ಕು ಕಡೆಯೂ ಉಳಿಯ ಗೆರೆಗಳು. ಮೂಲೆಯಲ್ಲಿ ಕಲ್ಲಿನ ಒಲೆ. ಅದರ ಮೇಲೆ ಬಂಡೆಯೊಳಗೆ ಓರೆಯಾಗಿ ಕೊರೆದ ಹೊಗೆಗಂಡಿ, ಒಳಗೆಲ್ಲ ಮಸಿಯ ಕಪ್ಪು. ನಡುವೆ, ಕೊರಡಿನ ಮೇಲೆ, ಹೂಳಿನ ಹೊದಿಕೆ ಹೊದ್ದು ಅಡಿಗಲ್ಲು ಕೂತಿತ್ತು. ಅವಳು ಅದರ ಮೂತಿಯ ಮೇಲೆ ಕೈಯಿಟ್ಟಳು. ಕೈಗವಸಿನೊಳಗಿಂದಲೂ ಅದರ ತಣುಪು ತಿಳಿಯಿತು. ತಲೆಯ ಮೇಲಿನ ಕ್ಯಾಮೆರಾಕ್ಕೆ ಎಲ್ಲವೂ ಸಿಗಲೆಂದು ಮೆಲ್ಲಗೆ ಒಂದು ಸುತ್ತು ತಿರುಗಿ, ಗೇಜು ನೋಡಿ, ದಾರ ಹಿಡಿದು ಹೊರಬಂದಳು.

ಆ ಸಂಜೆ ಮನೆಯ ಟಿವಿಯಲ್ಲಿ ಅಪ್ಪ ಆ ವಿಡಿಯೋ ನೋಡಿದ. ಹೊಗೆಗಂಡಿ ಬಂದಾಗ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಅಡಿಗಲ್ಲು ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದ. ಕೊನೆಗೆ, "ಸ್ವಲ್ಪ ಹಿಂದೆ ಓಡಿಸಮ್ಮ... ಅಲ್ಲಿ, ಆ ಗೂಡಲ್ಲಿ ನನ್ನ ಇಕ್ಕಳ ಇತ್ತು. ಇಲ್ವಲ್ಲ! ಆ ಪಂಪಿನವನದೇ ಕೆಲಸ. ನೀರು ಕುತ್ತಿಗೆಗೆ ಬಂದ್ರೂ ಬಿಟ್ಟಿ ಸಾಮಾನು ಬಿಡೋನಲ್ಲ ಅವನು," ಎಂದು ಶುರುಮಾಡಿದವನು ಊಟ ಆರಿದರೂ ಮಾತು ನಿಲ್ಲಿಸಲಿಲ್ಲ.

ಗಂಡ ಆ ವಿಡಿಯೋವನ್ನು ಅಂಗಡಿಗೂ ತೆಗೆದುಕೊಂಡು ಹೋದ. ಮರದ ವ್ಯಾಪಾರಿ ಪೂರ್ತಿ ನೋಡಿದ. ಮರುದಿನ ಅವನೇ ಮನೆಗೆ ಬಂದು, ಚಪ್ಪಲಿ ಕಳಚಿ ಒಳಗೆ ಕೂತು, "ಯಜಮಾನ್ರೇ, ಆ ಗಂಡಿ ಓರೆಯಾಗಿ ಯಾಕೆ ಕೊರೆದ್ರಿ?" ಎಂದು ಕೇಳಿದ. ಅಪ್ಪ ಅವನನ್ನು ಬೇಗ ಬಿಡಲಿಲ್ಲ.

ಗಿಡ್ಡಕ್ಕ ಆ ಹೊತ್ತಿಗೆ ಕ್ಲಬ್ಬಿನಲ್ಲಿದ್ದಳು. ಹೊಸದಾಗಿ ಸೇರಿದ್ದ ಶಾಲಾ ಟೀಚರೊಬ್ಬರು ಹನ್ನೆರಡರ ಜೋಡಿಯನ್ನು ಎತ್ತಲು ಏದುಸಿರು ಬಿಡುತ್ತಿದ್ದರು. ಗಿಡ್ಡಕ್ಕ ತನ್ನ ಹತ್ತರ ಜೋಡಿಯನ್ನು ಅವರ ಪಕ್ಕಕ್ಕೆ ಇಟ್ಟು, ಸೊಂಟಕ್ಕೆ ಹಿಡಿದು ನೋಡಿದಳು.

"ನಿಮ್ಮ ಕಾಲು ಉದ್ದ ಇದೆ ಮೇಡಂ, ನಿಮಗೆ ಹನ್ನೆರಡೇ ಸರಿಹೋದ್ರೂ ಹೋಗಬಹುದು. ಎರಡೂ ಜೋಡಿ ಒಂದೊಂದು ಸಲ ಕಟ್ಕೊಂಡು ಇಳಿದು ನೋಡಿ," ಎಂದಳು.