ಕಂಬ ನಿಲ್ಲುವ ತನಕ

ಉತ್ತರದ ಕಡಲಿನ ಓಲಂಡ್‌ನ ನಮ್ಮ ಪುಟ್ಟ ದ್ವೀಪದಲ್ಲಿ ನಡುಬೇಸಿಗೆ ಹಬ್ಬದ ಕಂಬ ಪಿಟೀಲು ನುಡಿಯುತ್ತಿದ್ದರೆ ಮಾತ್ರ ಮೇಲೇಳುತ್ತದೆ. ನಾದ ನಿಂತರೆ ಕಂಬವನ್ನು ಹುಲ್ಲಿನ ಮೇಲೆ ಮಲಗಿಸಬೇಕು; ಆ ವರ್ಷವೆಲ್ಲ ಅದು ಹಾಗೇ ಮಲಗಿರಬೇಕು. ಹಾಗಾಗಲು ದಾಗ್ನಿ ಎಂದೂ ಬಿಟ್ಟವಳಲ್ಲ. ಬಂದರಿನಲ್ಲಿ ಮೀನು ಹೊಗೆಗಿಟ್ಟು ಮಾರುವ ಹೆಂಗಸು ಆಕೆ. ಅಪ್ಪ ತೀರಿಕೊಂಡಾಗ ಕೈಗೆತ್ತಿಕೊಂಡ ಪಿಟೀಲನ್ನು ಕೂದಲು ನರೆತರೂ ಕೆಳಗಿಟ್ಟಿರಲಿಲ್ಲ. ಆದರೆ ಕಳೆದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಅವಳ ಬಲಗೈ ಮಣಿಕಟ್ಟು ಮುರಿಯಿತು.

ಹಬ್ಬದ ದಿನ ಕಡಲು ಬಿಸಿಲಿಗೆ ಹೊಳೆಯುತ್ತಿತ್ತು. ಕೆಂಪು ಬಂಡೆಗಳ ಸಂದಿಯಲ್ಲೆಲ್ಲ ಹೂವು. ನಾವು ಹೆಂಗಸರು ಕಂಬಕ್ಕೆ ಎಲೆಮಾಲೆ ಸುತ್ತುತ್ತಿದ್ದಾಗ, ಕಂಬ ಎತ್ತಿಸುವ ರೂನಾರ್, ದಾಗ್ನಿಯ ತಮ್ಮ, ಧ್ವನಿವರ್ಧಕ ಹೊತ್ತು ತಂದ.

"ಅಕ್ಕಾ, ಈ ಸಲ ನೀನು ಆರಾಮಾಗಿ ಕೂತ್ಕೊ. ಹಾಡು ಇದ್ರಲ್ಲೇ ಇದೆ."

"ಕಂಬಾನೂ ಅದೇ ಎತ್ತುತ್ತಾ? ಮತ್ತೆ ನೀನ್ಯಾಕೋ ಬಂದೆ?"

"ತಮಾಷೆ ಅಲ್ಲ ಕಣೇ. ಮಧ್ಯದಲ್ಲಿ ನಿನ್ನ ಕೈ ಸೋತ್ರೆ ಊರೋರೆಲ್ಲ ಸೇರಿ ನನ್ನ ತಿಂದುಹಾಕ್ತಾರೆ."

"ನಿನ್ನನ್ನ ಯಾರು ತಿಂತಾರೋ? ಇರೋದೆಲ್ಲ ಮುಳ್ಳೇ!"

ಎಲ್ಲರೂ ನಕ್ಕರು. ಪಿಟೀಲಿನ ಪೆಟ್ಟಿಗೆಯನ್ನು ಆಕೆ ಎಡಗೈಯೊಂದರಲ್ಲೇ ತೆರೆದದ್ದನ್ನು ಪಕ್ಕದಲ್ಲಿದ್ದ ನಾನು ಕಂಡೆ.

"ನೋಯ್ತಿದ್ಯಾ?"

"ನೋಯ್ಲಿ ಬಿಡು. ನೀನು ನಿನ್ನ ದೇವರ ಹತ್ರ ಒಂದ್ಮಾತು ಹೇಳಿಡು."

ಹೇಳಿದೆ.

ಪಿಟೀಲು ಶುರುವಾಯಿತು. ಗಂಡಸರು ಕವೆಗೋಲು ಕೊಟ್ಟು ಕಂಬವನ್ನು ಅರ್ಧಕ್ಕೆ ಎತ್ತಿದ್ದರು, ಅಷ್ಟರಲ್ಲಿ ಗಾಳಿ ಎದ್ದಿತು. ಆಚೆ ಊರಿನ ಕಂಬಕ್ಕಿಂತ ಚೆಂದ ಕಾಣಲೆಂದು ನಾವು ಎಲೆಗಳನ್ನು ಒತ್ತೊತ್ತಾಗಿ ಸುತ್ತಿದ್ದೆವು. ಅವೀಗ ಹಾಯಿಯಂತೆ ಗಾಳಿ ಹಿಡಿದವು. ಕಂಬ ಅಲ್ಲೇ ತಡೆದು ನಿಂತಿತು.

"ನಿಲ್ಲಿಸ್ಬೇಡ ಅಕ್ಕಾ!" ರೂನಾರ್ ಅರಚಿದ.

"ನೀನು ಬಿಡ್ಬೇಡ ಮೊದ್ಲು!"

ಹಾಡು ಮುಗಿಯಿತು. ಉಸಿರು ಬಿಡದೆ ಮೊದಲಿಂದ ಹಿಡಿದಳು. ಮತ್ತೆ ಮುಗಿಯಿತು, ಮತ್ತೆ ಹಿಡಿದಳು. ಮಣಿಕಟ್ಟು ಮಣಿಯದಾದಾಗ ಕಮಾನನ್ನು ಮುಷ್ಟಿಯಲ್ಲಿ ಹಿಡಿದು, ಗರಗಸ ಎಳೆಯುವವರಂತೆ ಭುಜದಿಂದಲೇ ಎಳೆದಳು. ಹಾಡಿನ ಕುಸುರಿಯೆಲ್ಲ ಉದುರಿ, ಒಂದೇ ತಂತಿಯ ಒರಟು ಲಯ ಉಳಿಯಿತು. ಆ ಲಯಕ್ಕೆ ನಾವು ಕಾಲು ಕುಟ್ಟಿದೆವು. ಒಂದೊಂದು ಪೆಟ್ಟಿಗೂ ಗಂಡಸರು ನೂಕಿದರು. ಕಂಬ ಅಲುಗಿತು, ಏರಿತು, ಬುಡ ಗುಂಡಿಯಲ್ಲಿ ಧೊಪ್ಪನೆ ಕೂತು ನೆಟ್ಟಗೆ ನಿಂತಿತು. ತುದಿಗೆ ಅಲಂಕಾರಕ್ಕೆಂದು ಕಟ್ಟಿದ್ದ ಪುಟ್ಟ ಮರದ ದೋಣಿಗಳು ಆಕಾಶದಲ್ಲಿ ಗಿರಗಿರ ತಿರುಗಿದವು.

ದೇವರಿಗೆ ವಂದನೆ ಹೇಳಲು ನಾನು ಬಾಯಿ ತೆರೆದರೆ ಬಂದದ್ದು ಬರೀ ಕೇಕೆ.

ರೂನಾರ್ ಓಡಿಬಂದು ಅಕ್ಕನನ್ನು ಪಿಟೀಲು ಸಮೇತ ಹೆಗಲಿಗೇರಿಸಿಕೊಂಡ.

"ಇಳಿಸೋ, ಕುಣಿಯೋರು ಕಾಯ್ತಿದಾರೆ!"

ಅವನು ಇಳಿಸಲಿಲ್ಲ. ಆಕೆ ಅಲ್ಲಿಂದಲೇ ಶುರುಮಾಡಿದಳು.